ಕಾಲಿನ ರಕ್ತನಾಳದ ಕಾಯಿಲೆ: ಜೈನ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಶ್ರವಣಬೆಳಗೊಳದ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಬರಿಗಾಲಿನಲ್ಲಿ ಹತ್ತುವ ಹಿರಿಯರಲ್ಲಿ ಕೆಲವರು ಅಷ್ಟು ದೂರ ಹೋಗಿ ನಿಲ್ಲುತ್ತಾರೆ, ಮೀನಖಂಡ ಹಿಡಿದುಕೊಳ್ಳುತ್ತಾರೆ, ಎರಡು ಮೂರು ನಿಮಿಷದಲ್ಲಿ ನೋವು ಇಳಿದ ಮೇಲೆ ಮತ್ತೆ ಹತ್ತುತ್ತಾರೆ. ಮತ್ತೆ ಅಷ್ಟೇ ಮೆಟ್ಟಿಲಾದಾಗ ಮತ್ತೆ ಅದೇ ನೋವು. ಜೊತೆಯಲ್ಲಿರುವವರು ‘ವಯಸ್ಸಾಯಿತಲ್ಲ, ಮೆಲ್ಲಗೆ ಬನ್ನಿ’ ಎನ್ನುತ್ತಾರೆ. ಮುಂದಿನ ಸಲ ಡೋಲಿ ಗೊತ್ತು ಮಾಡುತ್ತಾರೆ. ಅಲ್ಲಿಗೆ ವಿಷಯ ಮುಗಿಯುತ್ತದೆ.

ನಡೆದಾಗ ಬಂದು, ನಿಂತಾಗ ಹೋಗುವ ಈ ನೋವು ವಯಸ್ಸಿನದ್ದಾಗಿರಲೇಬೇಕು ಎಂದೇನಿಲ್ಲ. ಕಾಲಿಗೆ ರಕ್ತ ಒಯ್ಯುವ ಅಪಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಮತ್ತು ಸುಣ್ಣದಂಶ ಕಟ್ಟಿ ದಾರಿ ಕಿರಿದಾದಾಗ ಹೀಗೆಯೇ ಆಗುತ್ತದೆ. ವೈದ್ಯರು ಇದನ್ನು ಪೆರಿಫೆರಲ್ ಆರ್ಟರಿ ಡಿಸೀಸ್, ಚಿಕ್ಕದಾಗಿ ಪಿಎಡಿ ಎನ್ನುತ್ತಾರೆ. 2015ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 23.6 ಕೋಟಿ ಜನರಿಗೆ ಈ ಕಾಯಿಲೆ ಇತ್ತೆಂಬ ಅಂದಾಜಿದೆ. ಇದನ್ನು ಕಾಲಿನ ಕಾಯಿಲೆ ಎಂದಷ್ಟೇ ನೋಡುವುದು ತಪ್ಪು. ಕಾಲಿನ ನಾಳ ಕಟ್ಟಿದವರಲ್ಲಿ ಹೃದಯದ ಮತ್ತು ಮಿದುಳಿನ ನಾಳಗಳೂ ಕಟ್ಟುತ್ತಿರುವ ಸಾಧ್ಯತೆ ಹೆಚ್ಚು. ಕಾಲು ಕಳೆದುಕೊಳ್ಳುವವರಿಗಿಂತ ಹೃದಯಾಘಾತ, ಪಾರ್ಶ್ವವಾಯುವಿಗೆ ತುತ್ತಾಗುವವರೇ ಇವರಲ್ಲಿ ಹೆಚ್ಚು.

ಮಾಂಸವಿಲ್ಲ, ಮದ್ಯವಿಲ್ಲ, ಹೊತ್ತು ಮುಳುಗುವ ಮೊದಲೇ ಊಟ. ಹಾಗಾಗಿ ನಮ್ಮ ಮನೆಗೆ ಇಂಥ ಕಾಯಿಲೆ ಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನಮ್ಮ ಆಚಾರದಿಂದ ಸ್ವಲ್ಪ ರಕ್ಷಣೆ ಖಂಡಿತ ಸಿಗುತ್ತದೆ. ಆದರೆ ಈ ಕಾಯಿಲೆಯ ಮುಖ್ಯ ಕಾರಣಗಳಾದ ತಂಬಾಕು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೆಟ್ಟ ಕೊಲೆಸ್ಟ್ರಾಲ್, ಮೂತ್ರಪಿಂಡದ ತೊಂದರೆ ಇವ್ಯಾವೂ ಸಸ್ಯಾಹಾರಿಯ ಮನೆಯ ಹೊಸ್ತಿಲಲ್ಲಿ ನಿಲ್ಲುವುದಿಲ್ಲ. ಹಗಲಿಡೀ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಬದುಕು ಅವಕ್ಕೆ ಇನ್ನಷ್ಟು ಅನುಕೂಲವೇ.

ಈ ಲೇಖನದಲ್ಲಿ ಕೊಡಗಿನ ಮಾಕುಟ್ಟದ ಮಾತು ಆಗಾಗ ಬರುತ್ತದೆ. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ದಟ್ಟ ಕಾಡಿನ ಘಾಟಿ ಇಳಿದರೆ ಸಿಗುವ ಗಡಿಯ ಊರು ಅದು. ಅಲ್ಲಿಂದ ಮುಂದೆ ಕೂಟುಪುಳ, ಇರಿಟ್ಟಿ, ಕಣ್ಣೂರು. ಕೊಡಗಿನಲ್ಲಿ ಜೈನರ ನೆಲೆ ಹಳೆಯದು, ಮುಳ್ಳೂರಿನ ಬಸದಿಗಳು 11ನೇ ಶತಮಾನದವು. ಆದರೆ ಇಂದು ಅಲ್ಲಿ ನಮ್ಮವರು ಚದುರಿ ಹೋಗಿದ್ದಾರೆ. ಪಕ್ಕದ ವಯನಾಡಿನಲ್ಲಿ ಕನ್ನಡ ಮಾತಾಡುವ ಜೈನ ಕುಟುಂಬಗಳು ತಲೆಮಾರುಗಳಿಂದ ತೋಟ ಮಾಡಿಕೊಂಡಿವೆ. ಏರುತಗ್ಗು, ತಿಂಗಳುಗಟ್ಟಲೆ ಮಳೆ, ಉಂಬಳ, ದೂರದ ಆಸ್ಪತ್ರೆ: ಈ ಸೀಮೆಯಲ್ಲಿ ಪಾಲಿಸಲು ಆಗುವ ಸಲಹೆ ಮೂಡಬಿದಿರೆಯಲ್ಲೂ ಬೆಳಗಾವಿಯಲ್ಲೂ ಆಗುತ್ತದೆ.

ನೋವನ್ನು ಗುರುತಿಸುವುದು

ಪಿಎಡಿಯ ನೋವು ಸಾಮಾನ್ಯವಾಗಿ ಮೀನಖಂಡದಲ್ಲಿ, ಕೆಲವೊಮ್ಮೆ ತೊಡೆ ಅಥವಾ ಪಿರ್ರೆಯಲ್ಲಿ ಬರುತ್ತದೆ. ಹಿಂಡಿದಂತೆ, ಬಿಗಿದಂತೆ ಇರುತ್ತದೆ. ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಬರುತ್ತದೆ, ಸುಮ್ಮನೆ ನಿಂತರೂ ಕೆಲವು ನಿಮಿಷಗಳಲ್ಲಿ ಹೋಗುತ್ತದೆ. ಕೂರಲೇಬೇಕು ಎಂದಿಲ್ಲ.

ಬೆನ್ನುಹುರಿಯ ದಾರಿ ಕಿರಿದಾಗಿ ನರ ಒತ್ತಿಕೊಂಡಾಗಲೂ ನಡೆಯುವಾಗ ಕಾಲು ನೋಯುತ್ತದೆ. ಎರಡರ ವ್ಯತ್ಯಾಸ ತಿಳಿಯಲು ಘಾಟಿಯ ರಸ್ತೆಯೇ ಒಳ್ಳೆಯ ಪರೀಕ್ಷೆ. ಮಾಕುಟ್ಟದಿಂದ ಪೆರುಂಬಾಡಿ ಕಡೆಗೆ ಏರುವಾಗ ನೋವು ಬೇಗ ಬಂದು, ಇಳಿಯುವಾಗ ಹಗುರವೆನಿಸಿದರೆ ರಕ್ತನಾಳದ ಮೇಲೆ ಅನುಮಾನ ಪಡಬೇಕು, ಏಕೆಂದರೆ ಏರುವಾಗ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಕು. ಏರುವಾಗ ಮೈ ಮುಂದಕ್ಕೆ ಬಾಗಿದಾಗ ಸುಖವಾಗಿದ್ದು, ಇಳಿಯುವಾಗ ನೋವು ಬಂದು, ಕುಳಿತು ಬಾಗಿದರಷ್ಟೇ ಹೋದರೆ ಬೆನ್ನಿನ ತೊಂದರೆ ಇರಬಹುದು. ಇದು ಸೂಚನೆ ಮಾತ್ರ. ಒಬ್ಬರಿಗೇ ಎರಡೂ ಇರುವುದುಂಟು.

ಸಂಜೆ ಕಾಲು ಊದಿ, ಭಾರವಾಗಿ, ದಿಂಬಿನ ಮೇಲೆ ಎತ್ತಿ ಇಟ್ಟರೆ ಹಗುರಾಗುವುದು ಅಭಿಧಮನಿಗಳ, ಅಂದರೆ ಉಬ್ಬಿದ ನರಗಳ ತೊಂದರೆಯ ಲಕ್ಷಣ. ಪಿಎಡಿ ಬಲಿತಾಗ ಇದರ ತಿರುಗುಮುರುಗು: ಮಲಗಿದಾಗ ಪಾದ, ಬೆರಳು ನೋಯುತ್ತವೆ, ಮಂಚದಿಂದ ಕಾಲು ಕೆಳಕ್ಕೆ ಇಳಿಬಿಟ್ಟರೆ ಸಮಾಧಾನ. ರಾತ್ರಿ ಎದ್ದು ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ನಿದ್ದೆ ಮಾಡುವ ಅಜ್ಜನೋ ಅಜ್ಜಿಯೋ ಮನೆಯಲ್ಲಿದ್ದರೆ ಮುಂದಿನ ತಿಂಗಳಿಗೆ ಕಾಯಬೇಡಿ, ಆ ವಾರವೇ ವೈದ್ಯರಿಗೆ ತೋರಿಸಿ. ಕಾಲು ಊದಿದೆ ಎಂದು ಅಂಗಡಿಯಿಂದ ಬಿಗಿ ಕಾಲುಚೀಲ ತಂದು ಹಾಕುವ ಅಭ್ಯಾಸವೂ ಹೆಚ್ಚಿದೆ. ರಕ್ತ ಬರುವುದೇ ಕಡಿಮೆಯಾದ ಕಾಲಿಗೆ ಅದು ಅಪಾಯ.

ಕಾಯಿಲೆ ಇರುವ ಬಹಳ ಮಂದಿಗೆ ನೋವೇ ಇರುವುದಿಲ್ಲ ಎಂಬುದನ್ನೂ ಮರೆಯಬಾರದು. ನಡೆಯುವುದೇ ಕಡಿಮೆ ಮಾಡಿಕೊಂಡವರಿಗೆ ನೋವು ಬರುವುದೆಲ್ಲಿಂದ? ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಹೋದವರಿಗೂ ತಿಳಿಯುವುದಿಲ್ಲ. ಅವರಲ್ಲಿ ಮೊದಲ ಲಕ್ಷಣವೇ ವಾಸಿಯಾಗದ ಹುಣ್ಣು ಅಥವಾ ಕಪ್ಪಾದ ಬೆರಳು.

ಕಾಲಿಗೂ ಬಿಪಿ ನೋಡಬೇಕು

ಪತ್ತೆ ಮಾಡುವ ಮೊದಲ ಪರೀಕ್ಷೆ ಸುಲಭ. ಸೂಜಿ ಚುಚ್ಚುವುದಿಲ್ಲ, ಉಪವಾಸವಿರಬೇಕಿಲ್ಲ. ಹತ್ತು ನಿಮಿಷ ಮಲಗಿಸಿ ಎರಡೂ ತೋಳುಗಳಲ್ಲೂ ಎರಡೂ ಕಣಕಾಲುಗಳಲ್ಲೂ ಬಿಪಿ ನೋಡುತ್ತಾರೆ. ಕಾಲಿನ ನಾಡಿಯ ಸದ್ದು ಕೇಳಲು ಡಾಪ್ಲರ್ ಎಂಬ ಕೈಯಲ್ಲಿ ಹಿಡಿಯುವ ಚಿಕ್ಕ ಯಂತ್ರ ಬಳಸುತ್ತಾರೆ. ಕಣಕಾಲಿನ ಮೇಲಿನ ಬಿಪಿಯನ್ನು ತೋಳಿನ ಮೇಲಿನ ಬಿಪಿಯಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಎಬಿಐ. ತೋಳಿನಲ್ಲಿ 140, ಕಣಕಾಲಿನಲ್ಲಿ 98 ಇದ್ದರೆ 0.70. ಈ ಸಂಖ್ಯೆ 1.00ರಿಂದ 1.40ರವರೆಗೆ ಇದ್ದರೆ ಸರಿ, 0.90 ಅಥವಾ ಅದಕ್ಕಿಂತ ಕೆಳಗಿದ್ದರೆ ಪಿಎಡಿ, 0.40ಕ್ಕಿಂತ ಕೆಳಗೆ ಹೋದರೆ ಸ್ಥಿತಿ ಗಂಭೀರ. ಬಹುಕಾಲದ ಸಕ್ಕರೆ ಕಾಯಿಲೆ ಇರುವವರಲ್ಲಿ ನಾಳ ಸುಣ್ಣಗಟ್ಟಿ ಗಡುಸಾಗಿ ಸಂಖ್ಯೆ 1.40 ದಾಟಬಹುದು. ಅದನ್ನು ನೋಡಿ ‘ಚೆನ್ನಾಗಿದೆ’ ಎಂದುಕೊಳ್ಳಬಾರದು, ಆಗ ಹೆಬ್ಬೆರಳಿನ ಒತ್ತಡ ನೋಡಬೇಕಾಗುತ್ತದೆ.

65 ದಾಟಿದವರು, 50 ದಾಟಿ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಅಥವಾ ತಂಬಾಕಿನ ಅಭ್ಯಾಸ ಇರುವವರು, 50ರೊಳಗಿದ್ದರೂ ಸಕ್ಕರೆ ಕಾಯಿಲೆಯ ಜೊತೆ ಇನ್ನೊಂದು ಕಾರಣ ಇರುವವರು ಈ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಡಾಪ್ಲರ್ ಇಲ್ಲದ ಊರಿನಲ್ಲೂ ವೈದ್ಯರು ಪಾದದ ಮೇಲೆ ಮತ್ತು ಒಳಗಣ್ಣಿನ ಹಿಂದೆ ಬೆರಳಿಟ್ಟು ನಾಡಿ ನೋಡಬಲ್ಲರು. ಬಸದಿಗಳಲ್ಲಿ, ಸಮಾಜದ ಭವನಗಳಲ್ಲಿ ಆರೋಗ್ಯ ಶಿಬಿರ ನಡೆಸುವವರಿಗೆ ಒಂದು ಮಾತು: ತೋಳಿನ ಬಿಪಿ, ಬೆರಳಿನ ಸಕ್ಕರೆ ನೋಡಿ ಕಳಿಸುತ್ತೀರಿ. ಸಾಕ್ಸ್ ಬಿಚ್ಚಿಸಿ ಪಾದ ನೋಡುವ ಶಿಬಿರ ಅಪರೂಪ. ಒಂದು ಡಾಪ್ಲರ್ ತರಿಸಿದರೆ ಶಿಬಿರದ ಬೆಲೆ ಹೆಚ್ಚುತ್ತದೆ.

ತಂಬಾಕು: ವ್ಯಸನದ ಪಟ್ಟಿಯಲ್ಲಿ ಹೆಸರಿಲ್ಲದ ವ್ಯಸನ

ಕಾಲಿನ ನಾಳಗಳಿಗೆ ತಂಬಾಕಿನಷ್ಟು ಕೇಡು ಮಾಡುವುದು ಇನ್ನೊಂದಿಲ್ಲ. ಸಪ್ತವ್ಯಸನಗಳಲ್ಲಿ ಜೂಜು, ಮಾಂಸ, ಮದ್ಯ ಇವೆ, ತಂಬಾಕಿನ ಹೆಸರಿಲ್ಲ. ಪಟ್ಟಿ ಮಾಡಿದ ಕಾಲಕ್ಕೆ ಆ ಗಿಡ ಈ ದೇಶಕ್ಕೆ ಬಂದಿರಲೇ ಇಲ್ಲ. ಈ ಸಂದಿನಲ್ಲಿ ಅದು ನಮ್ಮ ಮನೆಗಳೊಳಗೆ ನುಸುಳಿದೆ. ಮದ್ಯ ಮುಟ್ಟದವರು ಗುಟ್ಕಾ ಜಗಿಯುತ್ತಾರೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾದರೂ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಬೇರೆ ಬೇರೆ ಕೊಂಡು ಬೆರೆಸಿಕೊಳ್ಳುವುದನ್ನು ನೋಡದವರಿಲ್ಲ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ಅಜ್ಜಿಯನ್ನು ಯಾರೂ ‘ತಂಬಾಕಿನ ಚಟದವರು’ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ವೈದ್ಯರ ಮುಂದೆ ಹೇಳುವುದೂ ಇಲ್ಲ. ಹೇಳಬೇಕು.

ಬೀಡಿ ಸೇದುವ ಎಳೆಯ ಗಂಡಸರಲ್ಲಿ ಬರ್ಗರ್ ಕಾಯಿಲೆ ಎಂಬ ಬೇರೊಂದು ರೋಗ ಬರುತ್ತದೆ. 1908ರಲ್ಲಿ ಲಿಯೋ ಬರ್ಗರ್ ಎಂಬ ವೈದ್ಯರು ವಿವರಿಸಿದ್ದು. 45 ವಯಸ್ಸಿನೊಳಗೇ ಕೈಕಾಲಿನ ಸಣ್ಣ ನಾಳಗಳು ಮುಚ್ಚಿ ಬೆರಳು ಕೊಳೆಯುತ್ತವೆ. ತಂಬಾಕು ಪೂರ್ತಿ ಬಿಟ್ಟವರಲ್ಲಿ ರೋಗ ನಿಲ್ಲುತ್ತದೆ, ಬಿಡದವರಲ್ಲಿ ಯಾವ ಔಷಧವೂ ಸಾಲದು. ತೋಟ, ಅಂಗಡಿ, ಗೋದಾಮಿನಲ್ಲಿ ಆಳುಗಳನ್ನು ಇಟ್ಟುಕೊಂಡವರು ಈ ಮಾತನ್ನು ಅವರಿಗೂ ತಲುಪಿಸಬೇಕು.

ಬಿಡುವ ದಾರಿ ನಮ್ಮಲ್ಲೇ ಇದೆ. ಮುನಿಗಳ, ಆರ್ಯಿಕೆಯರ ಎದುರು ಇಂತಿಷ್ಟು ಕಾಲಕ್ಕೆ ಎಂದು ನಿಯಮ ತೆಗೆದುಕೊಳ್ಳುವ ರೂಢಿ ಎಲ್ಲರಿಗೂ ಗೊತ್ತು. ಚಾತುರ್ಮಾಸದ 4 ತಿಂಗಳಿಗೆ ತಂಬಾಕು ತ್ಯಾಗದ ನಿಯಮ ಹಿಡಿದರೆ ದೇಹದ ಹಂಬಲದ ಕೆಟ್ಟ ದಿನಗಳು ಅದರೊಳಗೇ ಕಳೆದುಹೋಗುತ್ತವೆ. ಇದು ಇಚ್ಛಾಶಕ್ತಿಯ ಪ್ರಶ್ನೆಯಷ್ಟೇ ಅಲ್ಲ, ನಿಕೋಟಿನ್ ಮೈಗೆ ಅಂಟಿಕೊಂಡಿರುತ್ತದೆ. ಬೇಕಾದರೆ ವೈದ್ಯರಿಂದ ಔಷಧ ಕೇಳಿ. ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800 11 2356ಕ್ಕೆ ಕರೆ ಮಾಡಲು ಹಣ ಬೇಕಿಲ್ಲ.

ಸಕ್ಕರೆ ಕಾಯಿಲೆ ಮತ್ತು ತಪಸ್ಸು

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅಕ್ಕಿ, ಮೈದಾ, ಸಿಹಿ ಸೇರಿದ ಸಸ್ಯಾಹಾರ ಇದಕ್ಕೆ ತಡೆಯಲ್ಲ. ಕೊಡಗಿನ ಬೆಲ್ಲದ ಕಾಫಿಯನ್ನು ‘ಸಕ್ಕರೆ ಇಲ್ಲ’ ಎಂದು ದಿನಕ್ಕೆ ನಾಲ್ಕು ಲೋಟ ಕುಡಿಯುವವರಿದ್ದಾರೆ. ಬೆಲ್ಲವೂ ಸಕ್ಕರೆಯೇ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಹೆಚ್ಚಿನವರಲ್ಲಿ 7ರೊಳಗೆ ಇರಬೇಕು. ವಯಸ್ಸಾದವರಿಗೆ ವೈದ್ಯರು ಸ್ವಲ್ಪ ಸಡಿಲ ಬಿಡುತ್ತಾರೆ.

ನಮ್ಮ ಮನೆಗಳ ನಿಜವಾದ ಇಕ್ಕಟ್ಟು ಭಾದ್ರಪದದಲ್ಲಿ ಬರುತ್ತದೆ. ದಶಲಕ್ಷಣ ಪರ್ವಕ್ಕೆ, ಪರ್ಯೂಷಣಕ್ಕೆ ಉಪವಾಸ ಮಾಡುವ ಹಿರಿಯರು ಮಾತ್ರೆಯನ್ನು ಏನು ಮಾಡುತ್ತಾರೆ? ಕೆಲವರು ಎಲ್ಲವನ್ನೂ ನಿಲ್ಲಿಸುತ್ತಾರೆ. ಇನ್ನು ಕೆಲವರು ಊಟ ಬಿಟ್ಟು ಮಾತ್ರೆ ಮಾತ್ರ ನುಂಗುತ್ತಾರೆ. ಎರಡೂ ಅಪಾಯ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು ಮೂತ್ರದಲ್ಲಿ ಸಕ್ಕರೆಯನ್ನೂ ನೀರನ್ನೂ ಹೊರಹಾಕುತ್ತವೆ. ನೀರೂ ಇಲ್ಲದ ಉಪವಾಸದಲ್ಲಿ ಇವನ್ನು ಮುಂದುವರಿಸಿದರೆ ದೇಹ ಒಣಗಿ ರಕ್ತ ಆಮ್ಲೀಯವಾಗುವ ಅಪಾಯವಿದೆ. ಈಗಾಗಲೇ ನಾಳ ಕಿರಿದಾದ ಕಾಲಿಗೆ ನೀರಡಿಕೆ, ಬಿಪಿ ಕುಸಿತ, ದಪ್ಪವಾದ ರಕ್ತ ಮೂರೂ ಸೇರುವುದು ಒಳ್ಳೆಯದಲ್ಲ. ಪರ್ವಕ್ಕೆ ಒಂದು ತಿಂಗಳು ಮೊದಲೇ ವೈದ್ಯರ ಬಳಿ ಹೋಗಿ, ಯಾವ ದಿನ ಯಾವ ಮಾತ್ರೆ ಎಂದು ಬರೆಸಿಕೊಳ್ಳಿ. ಉಪವಾಸದ ದಿನ ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳಿ, ಅದರಿಂದ ಹೊಟ್ಟೆಗೆ ಏನೂ ಹೋಗುವುದಿಲ್ಲ. 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಆ ದಿನ ಉಪವಾಸ ಬಿಡಬೇಕು.

ಇಲ್ಲಿ ಮನೆಯ ಕಿರಿಯರು ಹಿರಿಯರೊಡನೆ ಜಗಳವಾಡುತ್ತಾರೆ, ಹಿರಿಯರು ಹಟ ಹಿಡಿಯುತ್ತಾರೆ. ಜಗಳ ಬೇಕಿಲ್ಲ. ತತ್ತ್ವಾರ್ಥಸೂತ್ರದ 9ನೇ ಅಧ್ಯಾಯದಲ್ಲಿ ಹೇಳಿದ ಆರು ಬಾಹ್ಯ ತಪಸ್ಸುಗಳಲ್ಲಿ ಅನಶನ, ಅಂದರೆ ಉಪವಾಸ, ಒಂದು ಮಾತ್ರ. ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವ ಅವಮೌದರ್ಯವೂ ತಪಸ್ಸೇ. ತಿನ್ನುವ ಬಗೆಗಳಿಗೆ ಮಿತಿ ಹಾಕಿಕೊಳ್ಳುವ ವೃತ್ತಿಪರಿಸಂಖ್ಯಾನವೂ ತಪಸ್ಸೇ. ರಸಪರಿತ್ಯಾಗದಲ್ಲಿ ಬಿಡುವ ಆರು ರಸಗಳನ್ನು ನೋಡಿ: ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ ಬೆಲ್ಲ, ಉಪ್ಪು. ಹೃದ್ರೋಗ ತಜ್ಞರು ಬರೆದುಕೊಡುವ ಪಥ್ಯದ ಚೀಟಿಯಲ್ಲಿ ಇವುಗಳಲ್ಲಿ ನಾಲ್ಕಾದರೂ ಇರುತ್ತವೆ. ಸಕ್ಕರೆ, ಬಿಪಿ ಇರುವ ಶ್ರಾವಕರು ಹತ್ತು ದಿನ ನಿರಾಹಾರದ ಬದಲು ಹತ್ತು ದಿನ ತುಪ್ಪ, ಸಿಹಿ, ಉಪ್ಪಿನ ತ್ಯಾಗ ಮಾಡಿದರೆ ವ್ರತಕ್ಕೆ ಕುಂದಿಲ್ಲ, ಕಾಲಿಗೂ ಕ್ಷೇಮ. ಗುರುಗಳನ್ನು ಕೇಳಿ ನಿರ್ಧರಿಸಲಿ.

ಉಪ್ಪು, ತುಪ್ಪ, ಬಿ12

ಬಿಪಿ 130/80ರೊಳಗೆ ಇರುವುದು ಗುರಿ. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚ. ಚಾತುರ್ಮಾಸದಲ್ಲಿ ಸೊಪ್ಪು ಬಿಟ್ಟವರ ತಟ್ಟೆಗೆ ಅದರ ಬದಲು ಹಪ್ಪಳ, ಸಂಡಿಗೆ, ಬಾಳ್ಕ, ಉಪ್ಪಿನಕಾಯಿ ಬಂದು ಕೂರುತ್ತವೆ. ಮಳೆ ಹೆಚ್ಚಿರುವ ಸೀಮೆಯಲ್ಲಂತೂ ಮೂರು ತಿಂಗಳು ಇವೇ ನೆಂಜಿಕೊಳ್ಳಲು. ಹಪ್ಪಳದಲ್ಲಿ ಉಪ್ಪಿನ ಜೊತೆ ಸೋಡವೂ ಇದೆ, ಎರಡರಿಂದಲೂ ಸೋಡಿಯಂ. ಸೊಪ್ಪಿನ ಜಾಗಕ್ಕೆ ಹೆಸರುಕಾಳು, ಹುರುಳಿ, ಕಡಲೆ ಬರಲಿ. ಸೋರೆ, ಪಡವಲ, ಹೀರೆ, ಬಾಳೆಕಾಯಿಗೆ ಅಡ್ಡಿಯಿಲ್ಲ. ಗಡ್ಡೆ ಗೆಣಸು ತಿನ್ನದ ಮನೆಯಲ್ಲಿ ಆಲೂಗಡ್ಡೆ ಚಿಪ್ಸ್ ಇರುವುದಿಲ್ಲ ನಿಜ, ಆದರೆ ಗಡಿಯಾಚೆಯಿಂದ ಬರುವ ಬಾಳೆಕಾಯಿ ಚಿಪ್ಸ್ ಡಬ್ಬಿ ಖಾಲಿಯಾಗುವುದಿಲ್ಲ.

ಪಿಎಡಿ ಇರುವವರಲ್ಲಿ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, 70ಕ್ಕಿಂತ ಕೆಳಗೆ ಇರಬೇಕು. ಪಥ್ಯದಿಂದ ಮಾತ್ರ ಅಷ್ಟು ಇಳಿಯುವುದು ಅಪರೂಪ, ಸ್ಟಾಟಿನ್ ಮಾತ್ರೆ ಬೇಕಾಗುತ್ತದೆ. ತುಪ್ಪ ಔಷಧ ಎಂಬ ವಾದ ನಮ್ಮಲ್ಲಿ ಬಲವಾಗಿದೆ. ಕಾಲಿನ ನಾಳ ಕಟ್ಟಿದವರ ಮಟ್ಟಿಗೆ ಆ ವಾದವನ್ನು ನಾನು ಒಪ್ಪುವುದಿಲ್ಲ.

ಮೊಟ್ಟೆಯನ್ನೂ ತಿನ್ನದ ನಮಗೆ ಬಿ12 ಜೀವಸತ್ವ ಸಿಗುವುದು ಹಾಲು ಮೊಸರಿನಿಂದ ಮಾತ್ರ. ಸಕ್ಕರೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಅದು ಇನ್ನೂ ಇಳಿಯುತ್ತದೆ. ಕೊರತೆಯಿಂದ ಪಾದ ಜೋಮು ಹಿಡಿಯುತ್ತದೆ, ಉರಿಯುತ್ತದೆ. ರಕ್ತನಾಳದ ನೋವು ಈ ಜೋಮಿನಡಿ ಮುಚ್ಚಿಹೋಗಿ ಪತ್ತೆ ತಡವಾಗುತ್ತದೆ. ವರ್ಷಕ್ಕೊಮ್ಮೆ ಬಿ12 ನೋಡಿಸಿ, ಕಡಿಮೆಯಿದ್ದರೆ ಮಾತ್ರೆ ತೆಗೆದುಕೊಳ್ಳಿ. ಇದು ನರಗಳಿಗಾಗಿ. ಬಿ12 ನುಂಗಿದರೆ ನಾಳದ ಕಟ್ಟು ಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನೋವು ಬರುವಷ್ಟು ನಡೆಯಿರಿ

ನಡೆದರೆ ನೋವು ಬರುವ ಕಾಯಿಲೆಗೆ ನಡಿಗೆಯೇ ಮದ್ದು ಎಂದರೆ ಮನೆಯವರು ನಂಬುವುದಿಲ್ಲ. ಆದರೆ ಇದು ಚೆನ್ನಾಗಿ ಸಾಬೀತಾದ ಚಿಕಿತ್ಸೆ. ನೋವು ಮಧ್ಯಮ ಮಟ್ಟಕ್ಕೆ ಏರುವವರೆಗೆ ನಡೆಯಬೇಕು, ನಿಲ್ಲಬೇಕು, ಪೂರ್ತಿ ಇಳಿದ ಮೇಲೆ ಮತ್ತೆ ನಡೆಯಬೇಕು. ಹೀಗೆ ಒಟ್ಟು 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ 3 ದಿನ, ಕನಿಷ್ಠ 12 ವಾರ. ಸ್ನಾಯುಗಳು ಕಡಿಮೆ ರಕ್ತದಲ್ಲೇ ಹೆಚ್ಚು ಕೆಲಸ ಮಾಡಲು ಕಲಿಯುತ್ತವೆ, ನೋವಿಲ್ಲದೆ ನಡೆಯುವ ದೂರ ಹೆಚ್ಚುತ್ತದೆ. ಬಿಟ್ಟರೆ ಲಾಭವೂ ಹೋಗುತ್ತದೆ. ಪಾದದಲ್ಲಿ ಹುಣ್ಣು ಇರುವವರು, ಮಲಗಿದಾಗಲೂ ನೋವಿರುವವರು, ಎದೆನೋವು ಬರುವವರು ವೈದ್ಯರನ್ನು ಕೇಳದೆ ಇದನ್ನು ಶುರು ಮಾಡಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಗಡಿಯಲ್ಲಿ ಹೊರಗೆ ನಡೆಯುವುದು ಕಷ್ಟ. ಕಾಡಿನಂಚಿನ ದಾರಿಯಲ್ಲಿ ಬೆಳಗ್ಗೆ ಸಂಜೆ ಆನೆಯ ಭಯ ಬೇರೆ. ಮನೆಯ ಜಗಲಿ, ಗೋದಾಮಿನ ಉದ್ದ, ಮಳೆ ಬಿಟ್ಟಾಗ ಕಾಫಿ ಒಣಗಿಸುವ ಕಣ, ಯಾವುದಾದರೂ ಸರಿ. ಬಸದಿ ಹತ್ತಿರವಿರುವವರಿಗೆ ಪ್ರದಕ್ಷಿಣೆಯೇ ಸಾಕು, ಸುತ್ತು ಎಣಿಸುವುದು ಹೇಗೂ ರೂಢಿಯಲ್ಲಿದೆ.

ಪಾದದ ಕಾಳಜಿ

ರಕ್ತ ಕಡಿಮೆ ಹೋಗುವ ಪಾದದಲ್ಲಿ ಚಿಕ್ಕ ಗಾಯವೂ ವಾಸಿಯಾಗುವುದಿಲ್ಲ. ಕತ್ತರಿಸುವವರೆಗೆ ಹೋಗುವ ಕಥೆಗಳ ಮೊದಲ ಪುಟದಲ್ಲಿ ಸಾಮಾನ್ಯವಾಗಿ ಒಂದು ಬೊಬ್ಬೆ, ಒಂದು ಮುಳ್ಳು, ಉಗುರು ತೆಗೆಯುವಾಗಿನ ಒಂದು ಗೀರು ಇರುತ್ತದೆ. ದಿನವೂ ಒಮ್ಮೆ ಬೆಳಕಿನಲ್ಲಿ ಪಾದ ನೋಡಬೇಕು. ಅಂಗಾಲು ಕಾಣದಿದ್ದರೆ ಕನ್ನಡಿ ಇಟ್ಟು ನೋಡಬೇಕು, ಕಣ್ಣು ಮಂಜಾದವರಿಗೆ ಮೊಮ್ಮಕ್ಕಳು ನೋಡಲಿ.

ಬರಿಗಾಲಿನ ಯಾತ್ರೆ ನಮ್ಮ ಪದ್ಧತಿ. ಆದರೆ ಬೇಸಗೆಯ ಮಧ್ಯಾಹ್ನ ವಿಂಧ್ಯಗಿರಿಯ ಬಂಡೆ ಕಾವಲಿಯಂತೆ ಕಾಯುತ್ತದೆ, ಸ್ಪರ್ಶ ತಿಳಿಯದ ಪಾದ ಸುಟ್ಟರೂ ಗೊತ್ತಾಗುವುದಿಲ್ಲ. ಅಂಥವರು ಸೂರ್ಯೋದಯದ ಹೊತ್ತಿಗೆ ಹತ್ತಿ ಬಿಸಿಲೇರುವ ಮುನ್ನ ಇಳಿಯಲಿ, ದಪ್ಪ ಹತ್ತಿಯ ಕಾಲುಚೀಲ ಹಾಕಲು ಅನುಮತಿ ಕೇಳಲಿ. ಡೋಲಿ ಹತ್ತುವುದರಲ್ಲಿ ನಾಚಿಕೆಯಿಲ್ಲ. ಬೇರೆ ಸಮಯದಲ್ಲಿ ಮನೆಯೊಳಗೂ ಚಪ್ಪಲಿ ಬೇಕು. ಚರ್ಮ ಬಳಸದವರಿಗೆ ಎಂಸಿಆರ್ ಎಂಬ ಮೆತ್ತನೆ ರಬ್ಬರಿನ ಅಟ್ಟೆಯ ಚಪ್ಪಲಿಗಳಿವೆ, ಪಟ್ಟಿಯೂ ರೆಕ್ಸಿನ್‌ನದೇ ಇರಲಿ ಎಂದು ಕೇಳಿ ತರಿಸಿ.

ಮಲೆನಾಡಿನ, ಕೊಡಗಿನ ಮಳೆಗಾಲದಲ್ಲಿ ಒಲೆಯ ಮುಂದೆ, ಕೆಂಡದ ಮುಂದೆ ಕಾಲು ಚಾಚಿ ಕೂರುವುದು ಸುಖ. ಪಿಎಡಿ ಇರುವವರಿಗೆ ಅದು ಬೇಡ, ಬಿಸಿನೀರಿನ ಚೀಲವೂ ಬೇಡ. ಉಣ್ಣೆಯ ಕಾಲುಚೀಲ ಸಾಕು. ಗಂಬೂಟಿನೊಳಗೆ ಒದ್ದೆಯಾದ ಬೆರಳಸಂದಿಯನ್ನು ಒರೆಸಿ ಒಣಗಿಸಬೇಕು.

ಇನ್ನು ಉಂಬಳ. ಮಾಕುಟ್ಟದ ಕಾಡಿನ ದಾರಿಯಲ್ಲಿ ಮಳೆಗಾಲ ಕಾಲಿಗೆ ಉಂಬಳ ಹತ್ತದೆ ಬಂದವರಿಲ್ಲ. ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಹಾಕಿದರೆ ಅದು ಸಾಯುತ್ತದೆ, ಜೊತೆಗೆ ಹೊಟ್ಟೆಯಲ್ಲಿದ್ದುದನ್ನು ಗಾಯದೊಳಗೆ ಕಕ್ಕಬಹುದು. ಉಗುರನ್ನೋ ಗಟ್ಟಿ ಕಾಗದವನ್ನೋ ಚರ್ಮಕ್ಕೆ ಸಮವಾಗಿ ಇಟ್ಟು ಮೊದಲು ಚೂಪು ತುದಿಯನ್ನು, ಆಮೇಲೆ ದಪ್ಪ ತುದಿಯನ್ನು ಮೆಲ್ಲನೆ ಸರಿಸಿದರೆ ಅದು ಬಿಟ್ಟುಕೊಳ್ಳುತ್ತದೆ. ವೈದ್ಯಕೀಯವಾಗಿ ಸರಿಯಾದ ಕ್ರಮವೂ ಇದೇ, ಜೀವಹಿಂಸೆಯೂ ಇಲ್ಲ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರಲ್ಲಿ ರಕ್ತ ಬಹಳ ಹೊತ್ತು ನಿಲ್ಲುವುದಿಲ್ಲ. ಗಾಬರಿಯಾಗದೆ ಸೋಪು ನೀರಿನಲ್ಲಿ ತೊಳೆದು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕೆರೆದು ಹುಣ್ಣು ಮಾಡಿಕೊಳ್ಳಬಾರದು.

ಮಾತ್ರೆಗಳು, ಸೂರ್ಯಾಸ್ತ ಮತ್ತು ಅಹಿಂಸೆ

‘ರಾತ್ರಿ ಏನೂ ಸೇವಿಸುವುದಿಲ್ಲ, ಹಾಗಾಗಿ ರಾತ್ರಿಯ ಮಾತ್ರೆ ಬಿಟ್ಟಿದ್ದೇನೆ’ ಎನ್ನುವವರು ಬಹಳ. ಬಿಡುವ ಅಗತ್ಯವಿಲ್ಲ. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ದಿನದ ಯಾವ ಹೊತ್ತಿನಲ್ಲಿ ತೆಗೆದುಕೊಂಡರೂ ಕೆಲಸ ಮಾಡುತ್ತವೆ, ಸಂಜೆ ಊಟದ ಜೊತೆ ಆಗಬಹುದು. ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ದಿನಕ್ಕೊಮ್ಮೆ ಸಾಕು. ನಡೆಯುವ ದೂರ ಹೆಚ್ಚಿಸಲು ಕೊಡುವ ಸಿಲೋಸ್ಟಜಾಲ್ ದಿನಕ್ಕೆರಡು ಸಲ, ಊಟಕ್ಕೆ ಅರ್ಧ ಗಂಟೆ ಮುಂಚೆ. ಹೃದಯ ವೈಫಲ್ಯ ಇರುವವರಿಗೆ ಅದು ನಿಷಿದ್ಧ. ‘ನಾನು ಹೊತ್ತು ಮುಳುಗಿದ ಮೇಲೆ ಏನೂ ತೆಗೆದುಕೊಳ್ಳುವುದಿಲ್ಲ’ ಎಂದು ವೈದ್ಯರಿಗೆ ಮೊದಲೇ ಹೇಳಿದರೆ ಹೆಚ್ಚಿನ ಮಾತ್ರೆಗಳ ವೇಳೆಯನ್ನು ಹೊಂದಿಸಬಹುದು.

ಪ್ರಾಣಿಮೂಲದ ಪ್ರಶ್ನೆ ಇದಕ್ಕಿಂತ ಕಠಿಣ. ಗಟ್ಟಿ ಮಾತ್ರೆಗಳಲ್ಲಿ ತೊಡಕು ಕಡಿಮೆ. ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಜೆಲಟಿನ್, ಅದು ಪ್ರಾಣಿಗಳ ಮೂಳೆ ಚರ್ಮದಿಂದ ಬರುತ್ತದೆ. ಅದೇ ಔಷಧ ಮಾತ್ರೆಯ ರೂಪದಲ್ಲಿದೆಯೇ ಎಂದು ಕೇಳಿ. ಇಂದು ಬಳಕೆಯಲ್ಲಿರುವ ಮಾನವ ಇನ್ಸುಲಿನ್ ಪ್ರಾಣಿಗಳಿಂದ ತೆಗೆದದ್ದಲ್ಲ, ಸೂಕ್ಷ್ಮಜೀವಿಗಳ ಮೂಲಕ ತಯಾರಿಸಿದ್ದು. ಆದರೆ ನಾಳ ಹಠಾತ್ತಾಗಿ ಕಟ್ಟಿದಾಗ ಮೊದಲು ಕೊಡುವ ಹೆಪಾರಿನ್ ಚುಚ್ಚುಮದ್ದು ಹಂದಿಯ ಕರುಳಿನಿಂದ ತಯಾರಾಗುತ್ತದೆ, ಎನಾಕ್ಸಪಾರಿನ್ ಕೂಡ ಅದೇ ಮೂಲದ್ದು. ಫಾಂಡಾಪಾರಿನಕ್ಸ್‌ನಂಥ ಕೃತಕವಾಗಿ ತಯಾರಿಸಿದ ಔಷಧಗಳಿವೆ, ಆದರೆ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, ಎಲ್ಲ ಸಂದರ್ಭಕ್ಕೂ ಒಗ್ಗುವುದಿಲ್ಲ. ನಾಳದ ಶಸ್ತ್ರಚಿಕಿತ್ಸೆಯಲ್ಲಿ ಹಾಕುವ ತೇಪೆ ಕೆಲವೊಮ್ಮೆ ದನದ ಹೃದಯದ ಪೊರೆಯದ್ದಾಗಿರುತ್ತದೆ. ರೋಗಿಯದೇ ಕಾಲಿನ ಅಭಿಧಮನಿ ಅಥವಾ ಕೃತಕ ವಸ್ತು ಬಳಸಲು ಆಗುವುದೇ ಎಂದು ಮೊದಲೇ ಕೇಳಬಹುದು. ಇದು ತುರ್ತು ಕೋಣೆಯ ಬಾಗಿಲಲ್ಲಿ ನಿಂತು ಮಕ್ಕಳು ತೀರ್ಮಾನಿಸುವ ವಿಷಯವಲ್ಲ. ಎಬಿಐ ಕಡಿಮೆ ಬಂದ ದಿನವೇ ಹಿರಿಯರು ತಮ್ಮ ಮನಸ್ಸನ್ನು ಮನೆಯವರಿಗೂ ವೈದ್ಯರಿಗೂ ಹೇಳಿ, ಬರೆದಿಡುವುದು ಒಳ್ಳೆಯದು.

ಕಾಲು ತಣ್ಣಗಾದರೆ

ಒಂದು ಕಾಲು ಇದ್ದಕ್ಕಿದ್ದಂತೆ ವಿಪರೀತ ನೋಯುತ್ತದೆ, ಬಿಳಿಚಿಕೊಳ್ಳುತ್ತದೆ, ಇನ್ನೊಂದಕ್ಕಿಂತ ತಣ್ಣಗಿರುತ್ತದೆ, ಜೋಮು ಹಿಡಿಯುತ್ತದೆ, ಬೆರಳು ಅಲುಗಿಸಲು ಆಗುವುದಿಲ್ಲ. ನಾಳ ಪೂರ್ತಿ ಮುಚ್ಚಿದ ಲಕ್ಷಣ ಇದು. ಸುಮಾರು 6 ಗಂಟೆಯೊಳಗೆ ರಕ್ತ ಹರಿಯುವಂತೆ ಮಾಡದಿದ್ದರೆ ಕಾಲು ಉಳಿಯುವುದು ಕಷ್ಟವಾಗುತ್ತಾ ಹೋಗುತ್ತದೆ. ತಿಕ್ಕಬಾರದು, ಎಣ್ಣೆ ಹಚ್ಚಬಾರದು, ಶಾಖ ಕೊಡಬಾರದು, ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಕರೆ ಮಾಡಿ.

ಮಾಕುಟ್ಟದಂಥ ಊರಿನಲ್ಲಿ ಈ 6 ಗಂಟೆಯಲ್ಲಿ ರಸ್ತೆಯ ಪಾಲು ದೊಡ್ಡದು. ಘಾಟಿ ಏರಿ ವಿರಾಜಪೇಟೆ, ಅಲ್ಲಿಂದ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಅಥವಾ ಮೈಸೂರು ಒಂದು ದಾರಿ. ಇರಿಟ್ಟಿಯ ಮೂಲಕ ಕಣ್ಣೂರು ಇನ್ನೊಂದು. ಮಳೆಗಾಲದಲ್ಲಿ ಘಾಟಿಯಲ್ಲಿ ಮರ ಬಿದ್ದು, ಗುಡ್ಡ ಕುಸಿದು ಮೇಲಿನ ದಾರಿ ಮುಚ್ಚುವುದುಂಟು. 2018ರ ಮಳೆಯಲ್ಲಿ ಏನಾಯಿತೆಂದು ಅಲ್ಲಿನವರಿಗೆ ಹೇಳಬೇಕಿಲ್ಲ. ರಕ್ತನಾಳದ ಶಸ್ತ್ರಚಿಕಿತ್ಸಕರು ಯಾವ ಆಸ್ಪತ್ರೆಯಲ್ಲಿದ್ದಾರೆ, ರಾತ್ರಿ ಸಿಗುತ್ತಾರೆಯೇ, ನಿಮ್ಮ ಆಯುಷ್ಮಾನ್ ಕಾರ್ಡು ಅಥವಾ ವಿಮೆ ಗಡಿಯಾಚೆ ನಡೆಯುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಮಳೆಗಾಲಕ್ಕೆ ಮೊದಲೇ ಫೋನು ಮಾಡಿ ಉತ್ತರ ಪಡೆದು ಗೋಡೆಗೆ ಅಂಟಿಸಿಡಿ.

ತುರ್ತಲ್ಲದ, ಆದರೆ ತಜ್ಞರೇ ನೋಡಬೇಕಾದ ಕಾಲುಗಳಿಗೆ ಬೆಂಗಳೂರಿನಲ್ಲಿ ಒಳ್ಳೆಯ ವ್ಯವಸ್ಥೆ ಇದೆ. ಮಿಲ್ಲರ್ಸ್ ರಸ್ತೆಯ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯಲ್ಲಿ ರಕ್ತನಾಳ ರೋಗಗಳಿಗೆಂದೇ ಜೈನ್ ಇನ್‌ಸ್ಟಿಟ್ಯೂಟ್ ಆಫ್ ವ್ಯಾಸ್ಕ್ಯುಲರ್ ಸೈನ್ಸಸ್ ಎಂಬ ಸಂಸ್ಥೆ ನಡೆಯುತ್ತಿದೆ. ನಮ್ಮ ಸಮಾಜದ ಹೆಸರಿನ ಆಸ್ಪತ್ರೆಯಲ್ಲೇ ಕಾಲು ಉಳಿಸುವ ಈ ವಿಭಾಗ ಇದೆ ಎಂಬುದು ನಮ್ಮ ಅನೇಕ ಕುಟುಂಬಗಳಿಗೇ ಗೊತ್ತಿಲ್ಲ. ಹೋಗುವಾಗ ಹಳೆಯ ಚೀಟಿಗಳು, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ, ಇತ್ತೀಚಿನ ಸಕ್ಕರೆ ಮತ್ತು ಕ್ರಿಯಾಟಿನಿನ್ ವರದಿ ಒಯ್ಯಿರಿ. ನಾಳದ ಚಿತ್ರ ತೆಗೆಯಲು ಬಳಸುವ ಬಣ್ಣದ ದ್ರವ ಮೂತ್ರಪಿಂಡಕ್ಕೆ ಹೊರೆಯಾಗುವುದರಿಂದ ಆ ಕೊನೆಯ ವರದಿಯನ್ನು ಅವರು ಮೊದಲು ಕೇಳುತ್ತಾರೆ.